ಬದಲಾಗದ ಅಂಕಿ

ಬಂದರಿನ ಕಚೇರಿಯಲ್ಲಿ ಎಲ್ಲರೂ ಅವಳನ್ನು ಅಳತೆಯಕ್ಕ ಎನ್ನುತ್ತಾರೆ. ಅವಳು ಅಳೆಯುವುದು ಬಟ್ಟೆಯನ್ನಲ್ಲ, ಹಾಲನ್ನೂ ಅಲ್ಲ. ಅಲ್ಲಿಯ ಕಂಟೇನರ್ ಅಂಗಳದಲ್ಲಿ ಎಂಟು ದೊಡ್ಡ ಕ್ರೇನುಗಳಿವೆ. ಅವುಗಳ ನೆತ್ತಿಯ ಮೇಲೆ ಕೂತು ಓಡಿಸುವ ಕಾಲ ಹೋಯಿತು. ಚಾಲಕರು ಈಗ ಕಚೇರಿಯೊಳಗೆ ಪರದೆಯ ಮುಂದೆ ಕೂತು, ತಂತಿಯಿಲ್ಲದ ಸಂಪರ್ಕದ ಮೂಲಕ ಅವನ್ನು ನಡೆಸುತ್ತಾರೆ. ಪ್ರತಿ ಕ್ರೇನಿನ ಮೇಲೂ ಒಂದು ರೇಡಿಯೊ ಇದೆ. ನನ್ನ ಸಿಗ್ನಲ್ ನಿನಗೆ ಹೇಗೆ ಬರುತ್ತಿದೆ, ಯಾವ ದಿಕ್ಕಿನಿಂದ ಚೆನ್ನಾಗಿದೆ ಎಂದು ಅಂಗಳದ ಟವರು ಆ ರೇಡಿಯೊವನ್ನು ಬಿಡದೆ ಕೇಳುತ್ತಿರುತ್ತದೆ. ರೇಡಿಯೊ ಅಳೆದು ಉತ್ತರ ಕಳಿಸುತ್ತದೆ. ಆ ಉತ್ತರ ನೋಡಿಕೊಂಡು ಟವರು ತನ್ನ ಸಿಗ್ನಲನ್ನು ತಿರುಗಿಸುತ್ತದೆ. ಎಷ್ಟು ಪ್ರಶ್ನೆ ಕೇಳಬೇಕು, ಯಾವುದನ್ನು ಮೊದಲು ಕೇಳಬೇಕು ಎಂದು ಗೊತ್ತುಮಾಡುವುದು ಅವಳ ಕೆಲಸ.

ಅಳೆಯುವುದಕ್ಕೂ ತಾಕತ್ತು ಬೇಕು. ಒಲೆಯ ಮೇಲೆ ಜಾಗವಿದ್ದಷ್ಟೇ ಪಾತ್ರೆ ಇಡಬಹುದು ಎಂದು, ಅದೇ ಕಚೇರಿಯಲ್ಲಿ ಲೆಕ್ಕ ಬರೆಯುವ ನನಗೆ ಅವಳು ಬಿಡಿಸಿ ಹೇಳಿದ್ದಳು. ಒಟ್ಟಿಗೆ ನಾಲ್ಕು ಅಳತೆ ಮಾಡಬಲ್ಲ ರೇಡಿಯೊಗೆ ಆರು ಕೇಳಿದರೆ, ಆಗುವುದಿಲ್ಲ ಎಂದು ಅದು ಹೇಳುವುದಿಲ್ಲ. ನಾಲ್ಕನ್ನು ಹೊಸದಾಗಿ ಅಳೆದು, ಕೊನೆಯ ಎರಡಕ್ಕೆ ಹಿಂದೆ ಕೊಟ್ಟಿದ್ದ ಉತ್ತರವನ್ನೇ ಮತ್ತೆ ಕಳಿಸುತ್ತದೆ. ನಿಯಮವೇ ಹಾಗಿದೆಯಂತೆ.

"ಸುಳ್ಳು ಹೇಳುತ್ತೆ ಅನ್ನು" ಎಂದೆ ನಾನು.

"ಸುಳ್ಳಲ್ಲ. ಆಗ ನಿಜವಾಗಿದ್ದದ್ದನ್ನೇ ಈಗಲೂ ಹೇಳುತ್ತೆ."

ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವನು ಸೋದರಮಾವ. ಅವನಿಗೂ ಅದೇ ಅಂಗಳದಲ್ಲೇ ಕೆಲಸ. ಕ್ರೇನು ಎತ್ತುವ ಮತ್ತು ಇಳಿಸುವ ಕಂಟೇನರುಗಳ ಮೂಲೆಗಳಲ್ಲಿ ಕಬ್ಬಿಣದ ಬೀಗಗಳಿರುತ್ತವೆ. ಅವನ್ನು ಕೈಯಿಂದಲೇ ಹಾಕಿ ತೆಗೆಯಬೇಕು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂರುತ್ತಾರೆ.

"ಗಾಳಿ ಅಳೆದು ಅಳೆದು ನೀನೇ ಗಾಳಿ ಆಗ್ಬಿಟ್ಟಿದ್ದೀಯಲ್ಲೇ. ಇನ್ನೆರಡು ತುತ್ತು ತಿನ್ನು."

"ನೀನು ಮೊದಲು ಹೆಲ್ಮೆಟ್ ಸರಿಯಾಗಿ ಹಾಕ್ಕೋ ಮಾವ. ಅದಿರೋದು ತಲೆಗೆ, ಕಂಕುಳಿಗಲ್ಲ."

ಆ ದಿನವೂ ಹೀಗೆಯೇ ಮಾತಾಡಿ ಎದ್ದರು. ಅವಳು ಮೇಲಿನ ಕೋಣೆಗೆ ಬಂದು ಪರದೆ ನೋಡಿದಳು. ಎಂಟು ಸಾಲುಗಳಲ್ಲಿ ಎಂಟು ಕ್ರೇನುಗಳ ಅಂಕಿಗಳಿದ್ದವು. ಕಬ್ಬಿಣದ ರಾಶಿಗಳ ನಡುವೆ ಕ್ರೇನು ಓಡಾಡುವಾಗ ಸಿಗ್ನಲ್ ಏರಿಳಿಯುತ್ತದೆ, ಅಂಕಿಗಳೂ ಕುಣಿಯುತ್ತವೆ. ಮೂರನೆಯ ಕ್ರೇನಿನದು ಇಪ್ಪತ್ತೊಂದರಲ್ಲಿ ನಿಂತಿತ್ತು. ಒಳ್ಳೆಯ ಅಂಕಿ ಎಂದು ಮೊದಲು ಖುಷಿಯೇ ಆಯಿತು. ಮತ್ತೆ ನೋಡಿದಳು, ಇಪ್ಪತ್ತೊಂದು. ಕ್ಯಾಮೆರಾದ ಚಿತ್ರದಲ್ಲಿ ಕ್ರೇನು ಕಂಟೇನರನ್ನು ನೇತುಹಾಕಿಕೊಂಡು ಸಾಗುತ್ತಿತ್ತು. ಅಂಕಿ ಮಾತ್ರ ಕದಲಲಿಲ್ಲ.

ಮೂರನೆಯದರ ರಿಪೇರಿ ದಾಖಲೆ ತೆರೆದು ನೋಡಿದಳು.

ಹಿಂದಿನ ವಾರ ಚಾಲಕರಿಗೆ ಚಿತ್ರ ಇನ್ನಷ್ಟು ಸ್ಪಷ್ಟವಾಗಿ ಕಾಣಲೆಂದು ಅವಳು ಎರಡು ಅಳತೆ ಹೆಚ್ಚಿಸಿ, ಅವನ್ನೇ ಮೊದಲಿಗಿಟ್ಟಿದ್ದಳು. ಸಂಪರ್ಕಕ್ಕೆ ಬರುವಾಗ ಪ್ರತಿ ರೇಡಿಯೊ ತನ್ನ ತಾಕತ್ತು ಎಷ್ಟೆಂದು ಟವರಿಗೆ ಹೇಳುತ್ತದೆ. ಎಂಟೂ ಒಂದೇ ಜಾತಿಯವು, ಎಲ್ಲಕ್ಕೂ ಆರು ಸಲೀಸು ಎಂದುಕೊಂಡು, ಅದನ್ನು ಕೇಳುವ ಗೋಜಿಗೆ ಹೋಗದಂತೆ ಟವರಿಗೆ ಆರನ್ನೇ ಗಟ್ಟಿಮಾಡಿದ್ದಳು. ಆದರೆ ಈ ಕ್ರೇನಿನ ರೇಡಿಯೊ ಕೆಟ್ಟು, ರಿಪೇರಿಯವರು ಹಳೆಯದೊಂದನ್ನು ಕೂರಿಸಿದ್ದರು. ಅದರ ತಾಕತ್ತು ನಾಲ್ಕೇ. ಸಂಪರ್ಕ ಉಳಿಸಿಕೊಳ್ಳುವ ದಿಕ್ಕಿನ ಅಳತೆ ಸಾಲಿನ ಕೊನೆಗೆ ಬಿದ್ದು ಹಳಸಿತ್ತು. ಈಗ ನಿಜವಾಗಿ ಸಿಗ್ನಲ್ ಎಷ್ಟಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಸಂಪರ್ಕ ಕಡಿದರೆ ಕ್ರೇನು ತಾನಾಗಿ ಗಕ್ಕನೆ ನಿಲ್ಲುತ್ತದೆ. ಗಕ್ಕನೆ ನಿಂತರೆ ನೇತಾಡುವ ಕಂಟೇನರು ಉಯ್ಯಾಲೆಯಂತೆ ತೂಗುತ್ತದೆ. ಅದು ತೂಗುವ ಜಾಗದಲ್ಲಿ, ಹೆಲ್ಮೆಟನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬ ಬಾಗಿ ನಿಂತಿದ್ದ.

ಅವಳ ಬೆರಳು ಗುಂಡಿಯ ಮೇಲಿತ್ತು. ಒತ್ತಿದರೆ ಆರು ನಾಲ್ಕಾಗುತ್ತಿತ್ತು. ಆದರೆ ಬದಲಾವಣೆ ಜಾರಿಗೆ ಬರುವಾಗಲೂ ಸಂಪರ್ಕ ಒಂದು ಗಳಿಗೆ ಕಡಿಯುತ್ತದೆ. ಬೆರಳನ್ನು ಹಿಂದಕ್ಕೆ ಎಳೆದುಕೊಂಡಳು.

"ಅಣ್ಣಾ, ಮೂರನೇದು ನಿಮ್ಮದಲ್ವಾ? ಮೆಲ್ಲಗೆ ನಿಲ್ಸಿ. ಗಕ್ಕಂತ ಬೇಡ" ಎಂದಳು ಪಕ್ಕದ ಚಾಲಕನಿಗೆ.

"ಯಾಕಕ್ಕಾ? ಚಿತ್ರ ಕನ್ನಡಿ ಥರ ಕಾಣ್ತಿದೆ. ಸಿಗ್ನಲ್ಲಿನ ಹಸಿರು ದೀಪಾನೂ ಇದೆ."

"ಆ ದೀಪ ನಂಬಬೇಡಿ. ಹಳೇ ಅಳತೆ ನೋಡ್ಕೊಂಡು ಉರೀತಿದೆ."

ಹಿಂದೆ ನಿಂತಿದ್ದ ಮೇಲ್ವಿಚಾರಕರು ಮುಖ ಗಂಟು ಹಾಕಿದರು. "ಹಡಗು ಕಾಯ್ತಿದೆ ತಾಯಿ. ಸರಿಮಾಡೋದಿದ್ರೆ ಒತ್ತಿ ಸರಿಮಾಡು, ಪುರಾಣ ಯಾಕೆ?"

"ಒತ್ತಿದ್ರೆ ಈಗಲೇ ಕಡಿಯುತ್ತೆ ಸಾರ್. ಕೆಳಗೆ ಜನ ಇದ್ದಾರೆ." ನನ್ನ ಮಾವ ಇದ್ದಾನೆ ಎನ್ನಲಿಲ್ಲ. ಹೇಳಿದರೆ ಅಳು ಬಂದುಬಿಡುತ್ತಿತ್ತು.

ಅವಳ ಮುಖ ನೋಡಿ ಮೇಲ್ವಿಚಾರಕರು ವಾಕಿಟಾಕಿ ಎತ್ತಿಕೊಂಡರು. "ಮೂರನೇ ಕ್ರೇನು, ಕೆಳಗಿನವರೆಲ್ಲ ದೂರ ಹೋಗಿ."

ಎಲ್ಲರೂ ಸರಿದರು, ಒಬ್ಬನನ್ನು ಬಿಟ್ಟು. ವಾಕಿಟಾಕಿಯಲ್ಲಿ ಪರಿಚಿತ ದನಿ ಬಂತು. "ಬಂದೆ ಸಾರ್, ಇದೊಂದು ಬೀಗ ಕಚ್ಕೊಂಡು ಕೂತಿದೆ. ನನ್ನ ಹೆಂಡ್ತಿಗಿಂತ ಹಟಮಾರಿ."

ಯಾರೋ ನಕ್ಕರು. ಅವಳು ವಾಕಿಟಾಕಿಯನ್ನು ಕಸಿದುಕೊಂಡಳು. "ಮಾವಾ, ಬೀಗ ಬಿಡು. ಓಡು."

ಅವಳು ಹಾಗೆ ಕೂಗಿದ್ದನ್ನು ಅವನು ಯಾವತ್ತೂ ಕೇಳಿರಲಿಲ್ಲ. ಬೀಗ ಬಿಟ್ಟ. ಆದರೆ ಮೊಣಕಾಲು ನೋವಿನ ಮನುಷ್ಯ, ಓಡಲು ಹೋಗಿ ಕುಂಟಿದ. ಕ್ರೇನು ನಿಧಾನವಾಗುತ್ತಿತ್ತು. ಕಂಟೇನರು ಇಳಿಯುತ್ತಿತ್ತು. ಅಂಕಿ ಇಪ್ಪತ್ತೊಂದು. ಚಿತ್ರ ಒಮ್ಮೆ ನಿಂತು, ಒಡೆದು, ಮತ್ತೆ ಕೂಡಿಕೊಂಡಿತು. ಚಾಲಕನ ಹಣೆಯಿಂದ ಬೆವರು ಇಳಿಯಿತು. "ಹೋಗ್ತಿದೆ ಅಕ್ಕಾ, ಕೈಯಿಂದ ಹೋಗ್ತಿದೆ" ಎಂದ. ಇನ್ನು ಅವನು ಕನ್ನಡಿಯ ಮಾತಾಡಲಿಲ್ಲ.

ಕಂಟೇನರು ನೆಲ ಮುಟ್ಟಿತು. ಆಮೇಲೆ ಅವಳು ಗುಂಡಿ ಒತ್ತಿದಳು. ಸಾಲು ಖಾಲಿಯಾಗಿ, ಹೊಸ ಅಂಕಿ ಬಂತು. ಎರಡು. ಎರಡೆಂದರೆ ಸಂಪರ್ಕ ಉಳಿದಿರುವುದು ದಾರದ ಒಂದೆಳೆಯಷ್ಟೇ ಎಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತು.

"ಆರು ಅಂತ ಯಾರು ಹಾಕಿದ್ದು?" ಮೇಲ್ವಿಚಾರಕರು ಕೇಳಿದರು.

"ನಾನೇ ಸಾರ್."

"ಉಳಿದ ಏಳರ ಗತಿ?"

"ಗೊತ್ತಿಲ್ಲ. ಒಂದೊಂದಾಗಿ ಇಳಿಸಿ ನಿಲ್ಸಿಬಿಡಿ ಸಾರ್, ದಮ್ಮಯ್ಯ."

ನಿಲ್ಲಿಸಿದರು. ಅಂಗಳವಿಡೀ ಸದ್ದಡಗಿತು. ಸಂಜೆಯವರೆಗೆ ಕೂತು ಪ್ರತಿ ರೇಡಿಯೊದ ತಾಕತ್ತು ಕೇಳಿ, ಅದು ಹೇಳಿದಷ್ಟನ್ನೇ ಕೂರಿಸಿದಳು. ಇನ್ನೊಂದು ಹಳೆಯದು ಸಿಕ್ಕಿತು. ಅದರ ಕೆಳಗೆ ಅಂದು ಯಾರು ಯಾರು ನಿಂತಿದ್ದರೋ ಎಂದು ಹಾಜರಿ ಪುಸ್ತಕ ತೆರೆದು ಒಂದೊಂದೇ ಹೆಸರು ಓದಿದಳು.

ಮನೆಯಲ್ಲಿ ಮಾವ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಅವಳು ನಡೆದದ್ದನ್ನೆಲ್ಲ ಹೇಳಿದಳು, ತಾನೇ ಮಾಡಿದ್ದು ಎಂಬುದನ್ನೂ.

"ಗೋದಾಮಿನ ಕೆಲಸ ಕೇಳ್ಕೋ ಮಾವ. ಅಂಗಳಕ್ಕೆ ಹೋಗ್ಬೇಡ."

"ಹುಚ್ಚಿ. ಮೇಲೆ ನೀನಿದ್ದೀಯಲ್ಲ, ನನಗೇನು ಭಯ?"

ಅವನು ಅದನ್ನು ತಮಾಷೆಗೆ ಹೇಳಿರಲಿಲ್ಲ. ಅವಳು ಅವನ ಕೈಯಿಂದ ಎಣ್ಣೆಯ ಬಟ್ಟಲು ತೆಗೆದುಕೊಂಡು, ಮೊಣಕಾಲು ತಿಕ್ಕತೊಡಗಿದಳು. ಬೇಕಾದ್ದಕ್ಕಿಂತ ಗಟ್ಟಿಯಾಗಿ ಒತ್ತಿದಳು.

"ಮೆಲ್ಲಗೇ, ನೋಯುತ್ತೆ" ಎಂದ ಮಾವ.