ಬಿಚ್ಚದ ಡಬ್ಬ

ರೇನೊ ತಕಾಲಾ ನಮ್ಮ ಕೌಂಟಿಯ, ಎಂದರೆ ಜಿಲ್ಲೆಯ, ರಸ್ತೆಯ ಹಿಮ ತೆಗೆಯುವ ಲಾರಿಯನ್ನು ನಿವೃತ್ತನಾಗುವವರೆಗೂ ಓಡಿಸಿದವನು. ಸುಪೀರಿಯರ್ ಸರೋವರದ ಈ ದಂಡೆಯಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಅಂಥವನಿಲ್ಲದೆ ಯಾರ ಕಾರೂ ಮನೆ ಬಿಟ್ಟು ಹೊರಡುವುದಿಲ್ಲ. ಆದರೂ ರಸ್ತೆ ತೆರೆದಿದ್ದಾಗ ಅದನ್ನು ತೆರೆದವನ ನೆನಪು ಯಾರಿಗೂ ಬರುವುದಿಲ್ಲ. ಅವನು ಅದನ್ನು ನಿರೀಕ್ಷಿಸಿದವನೂ ಅಲ್ಲ. ಮಾತು ಕಡಿಮೆ, ಊಟ ನಿಧಾನ, ಶನಿವಾರ ಸಂಜೆ ಸೌನಾ ಎಂಬ ಹಬೆಕೋಣೆಯ ಬಿಸಿ ಸ್ನಾನ. ಉಳಿದ ವ್ಯವಹಾರವನ್ನೆಲ್ಲ ಹೆಂಡತಿ ಎಲ್ಮಾಗೆ ವಹಿಸಿಕೊಟ್ಟಿದ್ದ. ಅವರಿಗೆ ಮಕ್ಕಳಿರಲಿಲ್ಲ.

ಎಲ್ಮಾ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿದವಳು. ಯಾವ ಮಗು ಯಾವುದಕ್ಕೆ ಹೆದರುತ್ತದೆ ಎಂಬುದು ತಟ್ಟೆಯಲ್ಲಿ ಉಳಿದ ಊಟ ನೋಡಿಯೇ ಅವಳಿಗೆ ತಿಳಿಯುತ್ತಿತ್ತು. ಅವಳ ಅಣ್ಣನ ಮಗಳು ಕಾರ್ಲೀನ್‌ಗೆ ಮ್ಯಾರೆನ್ ಎಂಬ ಒಬ್ಬಳೇ ಮಗಳು. ಪ್ರತಿ ಕ್ರಿಸ್‌ಮಸ್‌ಗೆ ಎಲ್ಮಾ ಆ ಮಗುವಿಗೆ ಒಂದು ವಿಡಿಯೊ ಗೇಮ್ ಕೊಡುತ್ತಿದ್ದಳು. ಆದರೆ ಅಂಗಡಿಯಿಂದ ತಂದ ಹಾಗೆಯೇ ಕೊಡುತ್ತಿರಲಿಲ್ಲ. ಡಬ್ಬದ ಮೇಲಿನ ತೆಳು ಪ್ಲಾಸ್ಟಿಕ್ ಹರಿದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಟೀವಿಯ ಮುಂದೆ ಕುಳಿತು ಕೊನೆಯವರೆಗೂ ತಾನೇ ಆಡಿ ನೋಡುತ್ತಿದ್ದಳು. ಡಬ್ಬದ ಮೂಲೆಯಲ್ಲಿ ಯಾವ ವಯಸ್ಸಿಗೆ ತಕ್ಕದ್ದೆಂದು ಅಕ್ಷರವೊಂದನ್ನು ಅಚ್ಚು ಹಾಕಿರುತ್ತಾರೆ. ಅವಳು ಅದನ್ನು ನಂಬುತ್ತಿರಲಿಲ್ಲ. "ಡಬ್ಬಕ್ಕೇನು ಗೊತ್ತು?" ಎನ್ನುತ್ತಿದ್ದಳು. ಒಮ್ಮೆ ಎಲ್ಲ ವಯಸ್ಸಿನವರಿಗೂ ಸಲ್ಲುವುದೆಂದು ಅಚ್ಚಾಗಿದ್ದ ಆಟದಲ್ಲಿ ಒಂದು ಬಾತುಮರಿ ಕಳೆದುಹೋಗಿ, ತಾಯಿ ಬಾರದೆ ಆಟವೇ ಮುಗಿದುಹೋಗುತ್ತಿತ್ತು. ಆ ವರ್ಷ ಮ್ಯಾರೆನ್‌ಳ ಅಪ್ಪ ಮನೆ ಬಿಟ್ಟು ಹೋಗಿದ್ದ. ಎಲ್ಮಾ ಅದನ್ನು ಕಪಾಟಿನಲ್ಲಿಟ್ಟು, ಮಗು ಸುಧಾರಿಸಿಕೊಂಡ ಮೇಲೆ ಕೊಟ್ಟಳು.

ಕಳೆದ ಸೆಪ್ಟೆಂಬರಿನಲ್ಲಿ ಎಲ್ಮಾ ತೀರಿಕೊಂಡಳು. ರೇನೊ ಅಳಲಿಲ್ಲ. ಸಮಾಧಿಯ ಬಳಿ ಪಾದ್ರಿಯ ಮಾತು ಮುಗಿಯುವವರೆಗೂ ನಿಂತಿದ್ದು, ಆಮೇಲೆ ಕಾರುಗಳು ಹೊರಡಲು ದಾರಿ ಮಾಡಿಕೊಟ್ಟ. ಪಕ್ಕದ ಮನೆಯವಳಾದ ನಾನು ದಿನವೂ ನೋಡುತ್ತಿದ್ದೆ. ಎದ್ದು ಕಾಫಿ ಕಾಸುತ್ತಿದ್ದ, ಕುಡಿಯುತ್ತಿದ್ದ, ಲೋಟ ತೊಳೆಯುತ್ತಿದ್ದ. ಅವನೊಳಗೆ ಏನೋ ನಿಂತುಹೋಗಿತ್ತು.

ಡಿಸೆಂಬರಿನಲ್ಲಿ ನನ್ನ ಬಾಗಿಲು ತಟ್ಟಿದ.

"ಪ್ರೊಫೆಸರಮ್ಮ, ಹೌಟನ್ ಪೇಟೆಗೆ ಬರ್ತೀರಾ? ಗೇಮ್ ತಗೋಬೇಕು. ಅದರ ಸಣ್ಣಕ್ಷರ ನಂಗೆ ಕಾಣಲ್ಲ."

"ನಾನು ಜೀವನವಿಡೀ ಕಲ್ಲು ಬಂಡೆಗಳ ಪಾಠ ಹೇಳಿದವಳು. ಗೇಮ್ ಬಗ್ಗೆ ನಂಗೇನು ಗೊತ್ತು?"

"ಓದೋಕೆ ಬರತ್ತಲ್ಲ."

ದಾರಿಯಲ್ಲಿ ಅವನು ಹೇಳಿದ್ದು ಇಷ್ಟು: ಕಾರ್ಲೀನ್ ಕ್ರಿಸ್‌ಮಸ್ ಹಿಂದಿನ ಸಂಜೆಗೆ ಎಂದಿನಂತೆ ತನ್ನನ್ನೂ ಪಕ್ಕದ ಮನೆಯ ನನ್ನನ್ನೂ ಕರೆದಿದ್ದಾಳೆ. ಇದೇ ಕೊನೆ, ಮುಂದೆ ತಾನು ಹೋಗುವುದಿಲ್ಲ.

"ಯಾಕೆ?"

"ಅವರೆಲ್ಲ ಎಲ್ಮಾ ಕಡೆಯೋರು. ನಾನು ಅವಳು ಹಾಕ್ಕೊಂಡು ಬರ್ತಿದ್ದ ಕೋಟು ಅಷ್ಟೇ. ಅವಳೇ ಇಲ್ಲ ಅಂದ್ಮೇಲೆ ಬರೀ ಕೋಟನ್ನ ಯಾರು ಕರೀತಾರೆ? ಕೊಡೋದು ಕೊಟ್ಟು ಬಂದ್ಬಿಡ್ತೀನಿ."

ಮಕ್ಕಳಿಲ್ಲದ ಮನೆಗಳಲ್ಲಿ ನಂಟು ಹೇಗೆ ಸವೆಯುತ್ತದೆಂದು ನನಗೆ ಗೊತ್ತು. ಯಾರೂ ಜಗಳವಾಡುವುದಿಲ್ಲ. ಫೋನ್ ನಿಲ್ಲುತ್ತದೆ, ಅಷ್ಟೆ.

ಅಂಗಡಿಯಲ್ಲಿದ್ದ ದಪ್ಪ ಸ್ವೆಟರಿನ ಹೆಂಗಸು ಕೇಳಿದಳು: "ವಯಸ್ಸೆಷ್ಟು?"

"ನಂದಾ?"

"ನಿಮ್ದು ಯಾಕೆ ತಾತ? ಆಡೋರ್ದು."

"ಹತ್ತು."

"ಹೆದರ್ಕೊಳ್ಳೋ ಮಗೂನಾ?"

"ಅದು ಎಲ್ಮಾಗೆ ಗೊತ್ತಿತ್ತು."

"ಓ, ಎಲ್ಮಾ ಅಜ್ಜಿ! ಇಲ್ಲೇ ನಿಂತು ನನ್ ತಲೆ ತಿಂತಿದ್ರು. ಇದರಲ್ಲಿ ಯಾರಾದ್ರೂ ಕಳೆದ್‌ಹೋಗ್ತಾರಾ, ಕಳೆದ್‌ಹೋದೋರು ಸಿಗ್ತಾರಾ ಅಂತ. ಎಲ್ಲಿ, ಈ ಸಲ ಬಂದಿಲ್ವಾ?"

"ತೀರ್‌ಕೊಂಡ್ಲು," ಎಂದ ರೇನೊ, ಮುಂದೆ ರಸ್ತೆ ಮುಚ್ಚಿದೆ ಎಂದು ಹೇಳುವವನ ಧ್ವನಿಯಲ್ಲಿ.

ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಒಂದೊಂದಾಗಿ ಡಬ್ಬಗಳನ್ನು ಮುಂದಿಟ್ಟಳು. ನಾನು ಸಣ್ಣಕ್ಷರ ಓದಿದೆ. ಒಂದರಲ್ಲಿ ರಕ್ತ, ಇನ್ನೊಂದರಲ್ಲಿ ಬೈಗುಳ, ಮತ್ತೊಂದು ಜೂಜಿನಂಥದ್ದು. ಹತ್ತು ವರ್ಷದ ಮಗುವಿಗೆ ಯಾವುದೂ ಆಗದು ಎಂದೆ. ಅವನು ತಲೆಯಾಡಿಸುತ್ತ ಹೋದ. ಕೊನೆಗೆ ಬಂದದ್ದು ಕಿತ್ತಳೆ ಬಣ್ಣದ ಲಾರಿಯ ಚಿತ್ರವಿದ್ದ ಡಬ್ಬ, ಹಿಮ ತೆಗೆಯುವ ಆಟ.

"ಇದನ್ನ ದುಡ್ಡು ಕೊಟ್ಟು ಆಡ್ತಾರಾ?" ಎಂದ ರೇನೊ. "ನಂಗೆ ಕೌಂಟಿಯೋರೇ ಸಂಬಳ ಕೊಡ್ತಿದ್ರಲ್ಲ!"

ನಾನು ನಕ್ಕೆ. ಅವನು ನಗಲಿಲ್ಲ.

"ಇದರಲ್ಲಿ ಯಾರಾದ್ರೂ ಕಳೆದ್‌ಹೋಗ್ತಾರಾ?" ಎಂದು ಕೇಳಿದ.

"ನಾನು ಪೂರ್ತಿ ಆಡಿಲ್ಲ ತಾತ. ಆಡಿರೋಷ್ಟರಲ್ಲಿ ಯಾರೂ ಇಲ್ಲ. ಹಿಮ ಬೀಳತ್ತೆ, ತೆಗೀತೀರಿ, ಮತ್ತೆ ಬೀಳತ್ತೆ."

"ಹಾಗಾದ್ರೆ ಸರಿಯಾಗೇ ಮಾಡಿದಾರೆ. ಕಟ್ಟಿ."

ಆಡಿ ನೋಡಿಯೇ ಕೊಡಬೇಕೆಂದು ಅವನಿಗೂ ಗೊತ್ತಿತ್ತು. ಆದರೆ ಕಾರ್ಲೀನ್ ಫೋನ್ ಮಾಡಿ ಮೊದಲೇ ತಡೆದಿದ್ದಳು: "ಮಾವ, ಈ ಸಲ ಡಬ್ಬ ಬಿಚ್ಚದೆ ಹಾಗೇ ತನ್ನಿ. ಬಿಚ್ಚಿದ್ದು ನೋಡಿದ್ರೆ ಮ್ಯಾರೆನ್‌ಗೆ ಅತ್ತೆ ನೆನಪಾಗತ್ತೆ. ಈಗಷ್ಟೇ ಅಳೋದು ನಿಲ್ಸಿದಾಳೆ. ನಾವು ಮನೇಲಿ ಅತ್ತೆ ಹೆಸರೇ ಎತ್ತಲ್ಲ." ರೇನೊ ಒಪ್ಪಿಕೊಂಡ. ಆಡಬೇಕಾಗಿಲ್ಲವಲ್ಲ ಎಂದು ಅವನಿಗೆ ಹಗುರವೇ ಆಗಿರಬೇಕು. ಎಲ್ಮಾಳ ಕುರ್ಚಿಯಲ್ಲಿ ಅವನು ಆವರೆಗೆ ಕುಳಿತಿರಲಿಲ್ಲ.

ಕ್ರಿಸ್‌ಮಸ್ ಹಿಂದಿನ ಸಂಜೆ ಕಾರ್ಲೀನ್ ಅಕ್ಕಿಯ ಪಾಯಸ ಮಾಡಿದ್ದಳು. ಸಿಕ್ಕವರಿಗೆ ಅದೃಷ್ಟವೆಂದು ಅದರಲ್ಲಿ ಅಡಗಿಸಿದ್ದ ಒಂದೇ ಬಾದಾಮಿ ನನ್ನ ಬಟ್ಟಲಿಗೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ರೇನೊ ಬಾಗಿಲ ಪಕ್ಕದ ಬೆಂಚಿನಲ್ಲಿ ಕೋಟು ಕೂಡ ತೆಗೆಯದೆ ಕುಳಿತಿದ್ದ. ಹೊರಡಲು ತಯಾರಾಗಿಯೇ ಬಂದಿದ್ದ.

ಮ್ಯಾರೆನ್ ಬಣ್ಣದ ಕಾಗದ ಹರಿದಳು. ಡಬ್ಬವನ್ನು ತಿರುಗಿಸಿ ನೋಡಿ, ಪ್ಲಾಸ್ಟಿಕ್ಕಿನ ಮೇಲೆ ಉಗುರು ಎಳೆದಳು.

"ಇದನ್ನ ಯಾರೂ ಆಡಿಲ್ಲ."

"ಹೊಸದು ಹಾಗೇ ಇರತ್ತೆ ಕಣೇ," ಎಂದಳು ಕಾರ್ಲೀನ್. "ತಾತಂಗೆ ಥ್ಯಾಂಕ್ಸ್ ಹೇಳು."

"ಯಾರೂ ಆಡಿಲ್ಲ ಅಂದ್ರೆ ಇದು ನಂಗೆ ಆಗತ್ತೆ ಅಂತ ಹೆಂಗೆ ಗೊತ್ತು?"

"ಡಬ್ಬದ ಮೇಲೆ ಬರ್ದಿದೆ ನೋಡು."

"ಡಬ್ಬಕ್ಕೇನು ಗೊತ್ತು? ಎಲ್ಮಾ ಅಜ್ಜಿ ಹಂಗೇ ಹೇಳ್ತಿದ್ರು."

ಕಾರ್ಲೀನ್ ಹಿಡಿದಿದ್ದ ಸೌಟು ಪಾತ್ರೆಯ ಮೇಲೆಯೇ ನಿಂತಿತು. ಮಗು ಅಳಲಿಲ್ಲ. ನೆಟ್ಟಗೆ ಹೋಗಿ ಡಬ್ಬವನ್ನು ರೇನೊನ ತೊಡೆಯ ಮೇಲಿಟ್ಟಳು.

"ತಾತ, ಮನೆಗೆ ತಗೊಂಡ್‌ಹೋಗಿ ಆಡಿ. ಕೊನೇವರೆಗೂ ಆಡ್ಬೇಕು, ಮೋಸ ಮಾಡ್ಬಾರ್ದು. ಆಮೇಲೆ ತಂದ್‌ಕೊಡಿ."

"ನಂಗೆ ಆಡೋಕೆ ಬರಲ್ಲ ಮಗು."

"ಅಜ್ಜಿಗೂ ಬರ್ತಿರ್ಲಿಲ್ಲ. ಎಷ್ಟು ಕೆಟ್ಟದಾಗಿ ಆಡ್ತಿದ್ರು ಅಂದ್ರೆ!"

ರೇನೊ ಕಾರ್ಲೀನ್‌ಳತ್ತ ನೋಡಿದ. ಅವಳು ಬೇಡ ಎನ್ನಲಿಲ್ಲ. ಅವನು ಡಬ್ಬವನ್ನು ಕೋಟಿನ ಜೇಬಿಗೆ ಹಾಕಿಕೊಂಡ.

ಜನವರಿಯಲ್ಲಿ ಅವನ ಮನೆಗೆ ಏಲಕ್ಕಿ ಬ್ರೆಡ್ ಕೊಡಲು ಹೋದಾಗ ಟೀವಿಯ ಮುಂದೆ ಎಲ್ಮಾಳ ಕುರ್ಚಿಯಲ್ಲಿದ್ದ. ಆಟದಲ್ಲಿ ಅವನ ಲಾರಿ ಯಾರದೋ ಅಂಚೆಪೆಟ್ಟಿಗೆಗೆ ಗುದ್ದಿ ನಿಂತಿತ್ತು.

"ಇಷ್ಟು ವರ್ಷ ಓಡ್ಸಿದೋರು, ಹೀಗಾ ಓಡ್ಸೋದು?" ಎಂದೆ.

"ಇದಕ್ಕೆ ಬ್ರೇಕಿಲ್ಲ ಪ್ರೊಫೆಸರಮ್ಮ, ಬರೀ ಗುಂಡಿ ಇದೆ. ಒತ್ತಿದ್ರೆ ನಿಲ್ಲತ್ತಂತೆ. ನಿಲ್ಲಲ್ಲ."

"ಖುಷಿಯಾಗತ್ತಾ?"

"ಇಲ್ಲ. ಏನೂ ಆಗಲ್ಲ. ಆದ್ರೆ ಮುಗಿಸ್ಬೇಕಲ್ಲ." ಮತ್ತೆ ಲಾರಿಯನ್ನು ಹಿಂದಕ್ಕೆ ತೆಗೆದ.

ಫೆಬ್ರವರಿಯಲ್ಲಿ ಮುಗಿಸಿದ. ಅವತ್ತು ಗಾಳಿ ಜೋರಾಗಿತ್ತು, ಒಬ್ಬನನ್ನೇ ಕಳಿಸುವ ಮನಸ್ಸಾಗದೆ ನಾನೂ ಜೊತೆಗೆ ಹೋದೆ. ಮ್ಯಾರೆನ್ ಬಾಗಿಲಲ್ಲೇ ಕೇಳಿದಳು: "ಯಾರಾದ್ರೂ ಕಳೆದ್‌ಹೋಗ್ತಾರಾ?"

"ಕೊನೇಲಿ ಒಬ್ಬ ಲಾರಿಯೋನು," ಎಂದ ರೇನೊ. "ಸೇತುವೆ ಮೇಲೆ, ಬಿರುಗಾಳೀಲಿ. ರೇಡಿಯೋದಲ್ಲಿ ಕೂಗ್ತಿರ್ತಾನೆ, ಆಮೇಲೆ ಕೂಗಲ್ಲ. ರಸ್ತೆ ತೆಗೀತಾ ಹೋದ್ರೆ ಸಿಗ್ತಾನೆ. ಆದ್ರೆ ತುಂಬಾ ಹೊತ್ತು ಸಿಗಲ್ಲ."

"ಹಂಗಾದ್ರೆ ನಂಗೆ ಆಗತ್ತಾ, ಆಗಲ್ವಾ?"

ಅವನು ಕಾರ್ಲೀನ್‌ಳನ್ನು ನೋಡಲಿಲ್ಲ. ಮಗುವನ್ನೇ ನೋಡಿದ. ಎಲ್ಮಾ ಒಂದು ಮಗುವಿನ ತಟ್ಟೆಯನ್ನು ನೋಡುತ್ತಿದ್ದಷ್ಟು ಹೊತ್ತು.

"ಆಗತ್ತೆ. ಆ ಸೇತುವೆ ಮಾತ್ರ ಒಬ್ಬಳೇ ಆಡ್ಬೇಡ. ಪಕ್ಕದಲ್ಲಿ ಯಾರಾದ್ರೂ ಇರ್ಬೇಕು."

"ಅಲ್ಲಿಗೆ ಹೋಗೋಕೆ ಎಷ್ಟು ದಿನ ಬೇಕು?"

"ನಂಗೆ ಒಂದೂವರೆ ತಿಂಗ್ಳು ಹಿಡೀತು. ನೀನು ಬೇಗ ಹೋಗ್ತೀಯ."

"ಅಲ್ಲಿಗೆ ಬಂದಾಗ ಫೋನ್ ಮಾಡ್ತೀನಿ. ಬರ್ತೀರಾ?"

"ರಸ್ತೆ ತೆಗ್ದಿದ್ರೆ."

ಕಾರ್ಲೀನ್ ಕೈ ಚಾಚಿದಳು. "ಕೋಟು ಕೊಡಿ ಮಾವ. ಕಾಫಿ ಇಟ್ಟಿದೀನಿ."

ಅವನು ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಕೋಟು ತೆಗೆದುಕೊಟ್ಟ. ಮುಖದಲ್ಲಿ ಯಾವ ಬದಲಾವಣೆಯೂ ಇರಲಿಲ್ಲ. ಕಾಫಿ ಕುಡಿದ, ಲೋಟ ತೊಳೆದ. ಮಾರ್ಚಿನಲ್ಲಿ ಮ್ಯಾರೆನ್‌ಳ ಫೋನ್ ಬಂತು, ರಸ್ತೆ ತೆಗೆದಿತ್ತು, ಹೋದ.