ತಾಯಿ ಬೇಡಿದ ನೀರು

ನರಗುಂದದ ಬಜಾರಿನಲ್ಲಿ ಗುರುವಾರ ಸಂಜೆ ಲೋಬಾನದ ಫಕೀರ ಅಂಗಡಿಯಿಂದ ಅಂಗಡಿಗೆ ಹೊಗೆ ಹಿಡಿದು ಬರುತ್ತಾನೆ. ಕಾಳಿನವರು, ಬಟ್ಟೆಯವರು, ಯಾವ ಜಾತಿಯವರಾದರೂ ಗಲ್ಲಾಪೆಟ್ಟಿಗೆ ಮುಂದೆ ಮಾಡುತ್ತಾರೆ. ನನ್ನ ಹೊಲಿಗೆ ಅಂಗಡಿಯ ಮುಂದೆ ಬಂದಾಗ ಮಾತ್ರ ನಾನು ಸೆರಗು ಮೂಗಿಗೆ ಒತ್ತಿಕೊಂಡು, ಮುಂದೆ ಹೋಗಪ್ಪ ಎಂದು ಕೈ ಮಾಡುತ್ತೇನೆ. ನನಗೆ ಅವನ ಧರ್ಮದ ಮೇಲೆ ಸಿಟ್ಟು ಎಂದು ಪಾಪ ಅವನು ತಿಳಿದುಕೊಂಡಿರಬೇಕು. ಹಾಗೇನಿಲ್ಲ. ಹೊಗೆಯ ಹಿಂದೆಯೇ ಜಕ್ಕಲಿಯ ನಮ್ಮ ಮಗ್ಗಲ ಮನೆಯ ಅತ್ತಿ ಬಂದು ನಿಲ್ಲುತ್ತಾಳೆ...

ರಕ್ತಸಂಬಂಧದ ಅತ್ತಿಯಲ್ಲ. ನನ್ನ ತವರುಮನೆಗೂ ಅವಳ ಮನೆಗೂ ಒಂದೇ ಗೋಡೆ, ಅದಕ್ಕೇ ಅತ್ತಿ. ಗಂಡ ಸತ್ತಿದ್ದ, ಒಬ್ಬಳೇ ಮಗಳು. ಮದುವೆ ಮನೆಗಳಿಗೆ ಖಡಕ್ ರೊಟ್ಟಿ ಬಡಿದುಕೊಟ್ಟು ಸಂಸಾರ ತೂಗಿಸುತ್ತಿದ್ದಳು. ನನಗೆ ರೊಟ್ಟಿ ಬಡಿಯಲು ಕಲಿಸಿದವಳೂ ಅವಳೇ. ನನ್ನ ರೊಟ್ಟಿ ನೋಡಿದರೆ ಮುಂದೆ ಗಂಡನಾದವನು ಊಟ ಬಿಟ್ಟು ನಕಾಶೆ ಓದಲು ಕಲಿಯುತ್ತಾನೆ ಎಂದು ಗೇಲಿ ಮಾಡುತ್ತಿದ್ದಳು.

ಮಂಗಳವಾರ ಬಂತೆಂದರೆ ಈ ಅತ್ತಿ ಅತ್ತಿಯಾಗಿ ಉಳಿಯುತ್ತಿರಲಿಲ್ಲ. ಅವಳ ಮೈಮೇಲೆ ತಾಯಿ ಬರುತ್ತಿದ್ದಳು. ಹಾಗೆ ಮೈ ಕೊಟ್ಟವರನ್ನು ನಮ್ಮ ಓಣಿಯಲ್ಲಿ 'ಗಿಡ' ಅನ್ನುತ್ತಿದ್ದರು. ದೇವರು ಹಕ್ಕಿಯಂತೆ, ಬಂದು ಕೂಡುತ್ತದೆಯಂತೆ. ಬಂದ ತಾಯಿಯೂ ಅತ್ತಿಯ ಮೈಯನ್ನು 'ಈ ಗಿಡ' ಎಂದೇ ಕರೆಯುತ್ತಿದ್ದಳು, 'ನಾನು' ಎಂದು ಎಂದೂ ಅಂದದ್ದಿಲ್ಲ. ಇನ್ನೊಂದು ಕಟ್ಟಳೆಯಿತ್ತು: ತಾಯಿ ಇಳಿಯುವವರೆಗೆ ಹನಿ ನೀರು ಕೊಡಬಾರದು, ಗಿಡಕ್ಕೆ ನೀರು ಬಿದ್ದರೆ ಹಕ್ಕಿ ಹಾರಿಹೋಗುತ್ತದೆ. ಲೋಬಾನದ ಹೊಗೆಯಲ್ಲಿ, ಮುಚ್ಚಿದ ಪಡಸಾಲೆಯಲ್ಲಿ, ಆಕೆ ಒಣಗಿದ ತುಟಿ ನೆಕ್ಕುತ್ತ ಊರವರ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಬೇಕು. ಆಕೆ ಅಗಿದು ಉಗುಳಿದ ಎಲೆಯನ್ನು ಮಕ್ಕಳಾಗದ ಹೆಂಗಸರು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅದಕ್ಕಿಂತ ಹೇಸಿಗೆ ಬುಧವಾರದ್ದು. ನಿನ್ನೆ ಕಾಲಿಗೆ ಬಿದ್ದವರೇ ಇವತ್ತು ರೊಟ್ಟಿಯ ಬುಟ್ಟಿ ಹೊತ್ತು ಬಂದವಳನ್ನು ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಿದ್ದರು.

ತಾಯಿ ಖರೇ ಬರುತ್ತಾಳೇನು ಎಂದು ಒಮ್ಮೆ ಕೇಳಿದ್ದೆ. ಅತ್ತಿ ಹಿಟ್ಟಿನ ಕೈ ಕೊಡವುತ್ತ ಹೇಳಿದ್ದಳು:

"ಬರತಾಳ ಖರೇ. ಆದ್ರ ಇವರು ಕರದಾಗೆಲ್ಲ ಬರೂದಿಲ್ಲವಾ. ಬರಲಿಲ್ಲಂದ್ರ ನಾನ ಮೈ ತೂಗತೀನಿ."

ಕೆಲವು ವರ್ಷಗಳ ಹಿಂದೆ ಒಂದು ಮಂಗಳವಾರ ನಾನು ತವರಿಗೆ ಹೋಗಿದ್ದೆ. ಬೆಳಿಗ್ಗೆಯೇ ಅತ್ತಿಯ ಮುಖ ಬೂದಿಯಾಗಿತ್ತು. ಎಡಗೈ ಸೆಳೆಯುತ್ತಿದೆ, ಇವತ್ತು ಕೂಡಲಾರೆ ಅಂದಳು. ಆದರೆ ರೋಣದಿಂದ, ಗಜೇಂದ್ರಗಡದಿಂದ ಟೆಂಪೋ ಮಾಡಿಕೊಂಡು ಜನ ಬಂದಿದ್ದರು. ಬಂದವರನ್ನು ಬರಿಗೈಲಿ ಕಳಿಸಬಾರದು ಎಂದು ಓಣಿಯ ಹಿರಿಯ, ಮಂಗಳವಾರದ ಕಾರಭಾರವೆಲ್ಲ ನೋಡುತ್ತಿದ್ದ ಮನುಷ್ಯ, ಆಕೆಯನ್ನು ಎಬ್ಬಿಸಿ ಕೂಡಿಸಿದ. ಲೋಬಾನ ಹಾಕಿದರು. ಹಲಗಿಯ ಸದ್ದು ಏಳುವ ಮೊದಲೇ ಅತ್ತಿ ನಡುಗತೊಡಗಿದಳು, ಬೆವರಿಗೆ ಕುಂಕುಮ ಕರಗಿ ಮೂಗಿನ ಮೇಲೆ ಇಳಿಯಿತು. ಇವತ್ತು ತಾಯಿ ಲಗೂ ಬಂದಳೆಂದು ಜನ ಕೈ ಮುಗಿದರು. ಒಬ್ಬ ತನ್ನ ಮಗನ ಲಗ್ನದ ಸುದ್ದಿ ಎತ್ತಿದ.

"ನನಗ ಎದಿ ಹಿಡದೈತಿ," ಅಂದಳು ಅತ್ತಿ. "ನೀರ ಕೊಡ್ರಿ."

ತಾಯಿ ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾಳೆ ಎಂದು ಹಿರಿಯ ನಕ್ಕ. ನಾನು ಜನರನ್ನು ತಳ್ಳಿಕೊಂಡು ಮುಂದೆ ಹೋದೆ. ತಾಯಿ ಎಂದಾದರೂ 'ನನಗ' ಅಂದದ್ದು ಕೇಳಿದ್ದೀರೇನು, ಇದು ಅತ್ತಿ, ಆಕೆಗೆ ಜಡ್ಡಾಗಿದೆ ಎಂದು ಅವರದೇ ಕಟ್ಟಳೆಯನ್ನು ಅವರಿಗೆ ನೆನಪು ಮಾಡಿದೆ. ಸಾಲಿ ಕಲಿತವಳು ದೇವರ ಮುಂದೆ ವಕೀಲಿಕೆ ಮಾಡುತ್ತಾಳೆ ಎಂದು ಬೈದು ನನ್ನನ್ನು ಹಿಂದಕ್ಕೆ ಎಳೆದರು.

ಅತ್ತಿ ನನ್ನ ಕಡೆ ನೋಡಿದಳು. ಆಮೇಲೆ ಇದ್ದ ಉಸಿರನ್ನೆಲ್ಲ ಕೂಡಿಸಿಕೊಂಡು, ಕತ್ತು ಹಿಂದಕ್ಕೆ ಒಗೆದು, ಮಂಗಳವಾರದ ಆ ದೊಡ್ಡ ದನಿಯಲ್ಲಿ ಅಂದಳು:

"ಈ ಗಿಡ ಬೀಳಾಕತ್ತೈತಿ. ಲಗೂ ದವಾಖಾನಿಗೆ ಒಯ್ರಿ."

ಈಗ ಏಳುತ್ತಾರೆ ಅಂದುಕೊಂಡೆ. ತಾಯಿಯೇ ಹೇಳಿದ ಮೇಲೆ ಏಳಲೇಬೇಕಲ್ಲ. ಹಿರಿಯ ಹೆಗಲಿನ ಟವೆಲ್ಲು ನಡುವಿಗೆ ಸುತ್ತಿಕೊಂಡ, ಆಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತ, ಭಕ್ತಿಯಿಂದ ಕೇಳಿದ:

"ಈ ಗಿಡ ಬಿದ್ದರ, ಮುಂದ ಯಾವ ಗಿಡಕ್ಕ ಬರ್ತಿ ತಾಯಿ?"

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಬೆಕ್ಕಾದರೂ ಕೈ ಮುಗಿದು ಆಡಿಸುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅತ್ತಿಯ ಮಗಳು ನಿಂತಿದ್ದಳು. ರೋಣದ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ, ಮಂಗಳವಾರಗಳೆಂದರೆ ಆಗದವಳು. ಕಟ್ಟಳೆ ಗಾಳಿಗೆ ತೂರಿ ತಂಬಿಗೆಯಲ್ಲಿ ನೀರು ತಂದಿದ್ದಳು. ಅತ್ತಿಯ ಕೈ ಆ ತಂಬಿಗೆಯ ಕಡೆ ಚಾಚಿತು. ಎಲ್ಲರ ತಲೆಯೂ ಆ ಕಡೆ ಹೊರಳಿತು.

ತೋರಿಸಿದಳು, ಮಗಳನ್ನು ತೋರಿಸಿದಳು ಎಂದು ಗದ್ದಲವೆದ್ದಿತು. ಯಾರೋ ಹುಡುಗಿಯ ಕೈಯಿಂದ ತಂಬಿಗೆ ಕಸಿದುಕೊಂಡರು, ಯಾರೋ ಹಣೆಗೆ ಕುಂಕುಮ ಬಳಿದರು. ಹುಡುಗಿಯ ಕಾಲಿಗೆ ಬೀಳುವವರ ಸಾಲು ಮುಗಿದ ಮೇಲೆಯೇ ಟೆಂಪೋ ದವಾಖಾನೆಗೆ ಹೊರಟಿತು. ಅತ್ತಿಯ ತಲೆ ನನ್ನ ತೊಡೆಯ ಮೇಲಿತ್ತು. ರೋಣ ಬರುವ ಮೊದಲೇ ಎಲ್ಲ ಮುಗಿದಿತ್ತು...

ಅಂಗಡಿಗೆ ಬರುವ ಹುಡುಗಿಯೊಬ್ಬಳು ಮೊನ್ನೆ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಎಲ್ಲಿಯದೋ ಹಿಮದ ನಾಡು. ತೊಗಲು ಹೊದ್ದ ಮುದುಕಿಯೊಬ್ಬಳು ತಮಟೆ ಬಡಿಯುತ್ತ ನಡುಗುತ್ತಿದ್ದಳು, ಸುತ್ತ ಕೂತವರು ಏನೋ ಕೇಳುತ್ತಿದ್ದರು. ನಮ್ಮ ಕಡೆ ದರ್ಗಾಗಳಲ್ಲಿ ಹೀಗೆ ಮೈಮೇಲೆ ಬರುವುದಕ್ಕೆ 'ಹಾಜರಿ' ಅನ್ನುತ್ತಾರೆ, ಅಲ್ಲಿಯೂ ಇದೇ. ದೇವರು ಇದ್ದಾನೋ ಇಲ್ಲವೋ ನನಗೆ ತಿಳಿಯದು. ಆ ಮುದುಕಿಗೆ ಕೊನೆಯಲ್ಲಿ ಯಾರಾದರೂ ನೀರು ಕೊಡುತ್ತಾರೇನೋ ಎಂದು ಕಾದೆ. ವಿಡಿಯೋ ಅಷ್ಟರಲ್ಲಿ ಮುಗಿದುಹೋಯಿತು.

ಕಳೆದ ಮಂಗಳವಾರ ಜಕ್ಕಲಿಗೆ ಹೋಗಿದ್ದೆ. ಅದೇ ಪಡಸಾಲೆ, ಅದೇ ಹೊಗೆ, ಅದೇ ಹಿರಿಯ. ಗಿಡವಾಗಿ ಕೂತವಳು ಮಗಳು, ಕಾಲೇಜು ಎಂದೋ ಬಿಟ್ಟುಹೋಗಿದೆ. ಆಕೆಯ ಮುಂದೆ ಅಂದಿನ ತಂಬಿಗೆಯನ್ನೇ ತುಂಬಿಸಿ, ಕುಂಕುಮ ಹಚ್ಚಿ, ಹೂ ಏರಿಸಿ ಇಟ್ಟಿದ್ದರು. ಅದಕ್ಕೀಗ 'ತಾಯಿ ಬೇಡಿದ ನೀರು' ಎಂದು ಹೆಸರು. ಎಲ್ಲರಿಗೂ ಅಂಗೈ ತುಂಬ ತೀರ್ಥ. ಕೂತವಳಿಗೆ ಮಾತ್ರ ಇಲ್ಲ, ಕಟ್ಟಳೆ ಕಟ್ಟಳೆಯೇ. ನನ್ನ ಅಂಗೈಗೆ ಹಾಕಿದ್ದನ್ನು ನೆಲಕ್ಕೆ ಚೆಲ್ಲಿ ಸೆರಗಿಗೆ ಕೈ ಒರೆಸಿಕೊಂಡೆ.

ತಾಯಿ ಇಳಿದ ಮೇಲೆ ಆಕೆ ಒಳಗೆ ಬಂದು ಗೋಡೆಗೆ ಒರಗಿದಳು. ಒಳಗೆ ತಂದಿಟ್ಟಿದ್ದ ಅಂದಿನ ತಂಬಿಗೆಯನ್ನು ತಡವಿ ನೋಡಿದಳು, ಖಾಲಿಯಾಗಿತ್ತು. ಕೊಡದಿಂದ ತುಂಬಿಸಿ ಕೊಟ್ಟೆ. ಒಂದೇ ಉಸಿರಿಗೆ ಕುಡಿದು, ಬಾಯಿ ಒರೆಸಿಕೊಂಡು, ನನ್ನ ಮುಖ ನೋಡದೆ ಕೇಳಿದಳು:

"ಅಕ್ಕಾ, ಅವತ್ತ ಅವ್ವ ನನ್ನ ತೋರಿಸಿದ್ದಳೋ, ನೀರ ಬೇಡಿದ್ದಳೋ?"

"ನೀರ ಬೇಡಿದ್ದಳವಾ," ಅಂದೆ.

ಆಕೆ ತಲೆಯಾಡಿಸಿದಳು, ಗೊತ್ತಿದ್ದದ್ದನ್ನೇ ಕೇಳಿಸಿಕೊಂಡವಳಂತೆ. ಹೊರಗೆ ಗಜೇಂದ್ರಗಡದವರ ಇನ್ನೊಂದು ಗಾಡಿ ಬಂದಿದೆ ಎಂದು ಹಿರಿಯ ಕೂಗಿದ. ಆಕೆ ಹಣೆ ಒರೆಸಿಕೊಂಡು ಎದ್ದಳು.

ಇವತ್ತು ಗುರುವಾರ. ಲೋಬಾನದವನು ಎರಡು ಅಂಗಡಿ ಆಚೆ ಬಂದಿದ್ದಾನೆ. ರೊಟ್ಟಿ ಬಡಿಯಲು ಕಲಿಸಿದವಳು ಹೋದಳು, ಮಗಳು ಇನ್ನೂ ಆ ಹೊಗೆಯಲ್ಲಿ ಬಾಯಾರಿ ಕೂತಿದ್ದಾಳೆ. ನಾನು ಎದ್ದು ಶಟರು ಅರ್ಧಕ್ಕೆ ಎಳೆದುಕೊಂಡೆ.