ಟರ್ಕಿ ಗೂಡಿಗೊಬ್ಬ ಧರ್ಮತಂದೆ

ನಮ್ಮ ಸಾಂತಾ ರುಫಿನಾ ಊರಿನಲ್ಲಿ ಬೈಯುವುದಕ್ಕೇನೂ ಬರಗಾಲವಿರಲಿಲ್ಲ, ಆದರೆ ಎಲ್ಪಿದಿಯಾಳ ಹಾಗೆ ಬೈಯುವವರು ಮತ್ತೊಬ್ಬರಿರಲಿಲ್ಲ. ಐವತ್ತಾರರ ವಿಧವೆ, ಒಣಗಿದ ಜೋಳದ ದಂಟಿನ ಹಾಗೆ ತೆಳ್ಳಗೆ. ಅಷ್ಟು ದೊಡ್ಡ ದನಿ ಆ ದೇಹದ ಯಾವ ಮೂಲೆಯಲ್ಲಿ ಅಡಗಿತ್ತೋ ದೇವರೇ ಬಲ್ಲ. ಒಂದು ಬೈಗುಳವನ್ನು ಒಂದೇ ವಾರದಲ್ಲಿ ಎರಡು ಸಲ ಬಳಸಿದರೆ ಅವಳಿಗೇ ನಾಚಿಕೆಯಾಗುತ್ತಿತ್ತು. ಓಹಾಕಾ ಪೇಟೆಯ ಸಂತೆಗೆ ತೊರ್ತಿಯಾ ರೊಟ್ಟಿ ಮಾರಲು ಹೊರಟಾಗ, ಬಸ್ಸಿನವನು ಅವಳು ಹತ್ತುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಅಂಥ ಬಾಯಿ.

ಆ ಬಾಯಿಗೆ ದಿನದ ಮೊದಲ ಕೆಲಸ ಒದಗಿಸುತ್ತಿದ್ದವನು ಪಕ್ಕದ ಮನೆಯ ಗೌದೆನ್ಸಿಯೊ. ಹಸಿ ಇಟ್ಟಿಗೆ ಹಾಕುವವನು, ಮಕ್ಕಳಿಲ್ಲ, ಹೆಂಡತಿ ಸತ್ತು ಆರು ವರ್ಷ. ಮೂರು ನಾಯಿ ಸಾಕಿದ್ದ. ಹೆಸರುಗಳೇನೋ ಭಾರೀ: ಜನರಲ್, ಬಿಷಪ್, ನೋಟರಿ. ಮಾಡುವ ಕೆಲಸ ಮಾತ್ರ ಕಳ್ಳತನ. ಹಗಲೆಲ್ಲ ಊರು ಸುತ್ತಿ, ಕಂಡವರ ಹಿತ್ತಿಲು ನುಗ್ಗಿ, ಕೊನೆಗೆ ಎಲ್ಪಿದಿಯಾಳ ಹಿತ್ತಿಲಿಗೇ ಬಂದು ಬೀಳುತ್ತಿದ್ದವು. ಅಲ್ಲಿ ಅವಳ ಟರ್ಕಿ ಕೋಳಿಗಳಿದ್ದವು.

ಆ ಟರ್ಕಿಗಳು ಸುಮ್ಮನೆ ಸಾಕಿದ ಹಕ್ಕಿಗಳಲ್ಲ. ಮಗ ಅಬುಂದಿಯೊನ ಮದುವೆ ಮೇ ತಿಂಗಳಿಗೆ ನಿಶ್ಚಯವಾಗಿತ್ತು. ಗಂಡಿನ ಕಡೆಯವರು ಜೀವಂತ ಟರ್ಕಿಗಳನ್ನು ಎತ್ತಿ ಹಿಡಿದು, ಬ್ಯಾಂಡಿನ ಹಿಂದೆ ಬೀದಿಯುದ್ದಕ್ಕೂ ಕುಣಿಯುತ್ತ ಹೆಣ್ಣಿನ ಮನೆಗೆ ಹೋಗಬೇಕು. ಕಡಿಮೆಯೆಂದರೂ ಒಂದು ಜೋಡಿ ಬೇಕು. ಅದೂ ಹುಡುಗನ ತಾಯಿ ಸ್ವಂತ ಕೈಯಲ್ಲಿ ಸಾಕಿದ್ದು. ಸಂತೆಯ ಹಕ್ಕಿಯನ್ನು ಹೆಣ್ಣಿನ ಕಡೆಯ ಮುದುಕಿಯರು ಕಾಲು ನೋಡಿಯೇ ಕಂಡುಹಿಡಿಯುತ್ತಾರೆ. ಬರಿಗೈಯಲ್ಲಿ ಹೋದ ಬೀಗರ ಕಥೆಯನ್ನು ಮೊಮ್ಮಕ್ಕಳ ಕಾಲದವರೆಗೂ ಹೇಳಿ ನಗುತ್ತಾರೆ. ಎಲ್ಪಿದಿಯಾ ಆರು ಮರಿ ಬೆಳೆಸಿದ್ದಳು. ಜನವರಿ ಮುಗಿಯುವಷ್ಟರಲ್ಲಿ ನಾಲ್ಕು ಉಳಿದಿದ್ದವು.

ಅವಳು ಮಾಡದ ಉಪಾಯವಿಲ್ಲ. ಬೇಲಿಯುದ್ದಕ್ಕೂ ಕಳ್ಳಿ ನೆಟ್ಟಳು. ಬಿಷಪ್ ಕೆಳಗಿನಿಂದ ಮಣ್ಣು ತೋಡಿಕೊಂಡು ಬಂದ. ಒಣಮೆಣಸಿನ ನೀರು ಎರಚಿದಳು. ನಾಯಿಗಳು ಒಂದು ಸಲ ಸೀನಿ ಸುಮ್ಮನಾದವು, ಟರ್ಕಿಗಳು ಎರಡು ದಿನ ಸೀನಿದವು. ಊರ ಕಚೇರಿಗೆ ಹೋಗಿ ದೂರಿದಳು. "ಮೂರರಲ್ಲಿ ಯಾವ ನಾಯಿ ಅಂತ ಹೇಳಮ್ಮ, ಸುಮ್ನೆ ನೋಟರಿ ಮೇಲೆ ಗೂಬೆ ಕೂರಿಸಬೇಡ" ಎಂದು ಅಲ್ಲಿಯವರು ನಕ್ಕು ಕಳಿಸಿದರು.

ಉಳಿದದ್ದು ಬಾಯಿ. ಬೆಳಗಾದರೆ ಬೇಲಿಗೆ ಹೋಗಿ ನಿಲ್ಲುತ್ತಿದ್ದಳು.

"ಏ ಗೌದೆನ್ಸಿಯೊ! ಇನ್ನೂ ಬಿದ್ಕೊಂಡಿದ್ದೀಯಾ? ನಿನ್ನ ಜನರಲ್ ನನ್ನ ಹಕ್ಕಿ ನುಂಗಿ, ಮೀಸೆ ಮೇಲೆ ಪುಕ್ಕ ಅಂಟಿಸ್ಕೊಂಡು ಓಡಾಡ್ತಿದ್ದಾನೆ. ಹಗ್ಗಕ್ಕೂ ಗತಿ ಇಲ್ವಾ ನಿನಗೆ? ಇಲ್ಲ ಅಂದ್ರೆ ಹೇಳು, ನನ್ನ ಲಂಗದ ಲಾಡಿ ಬಿಚ್ಚಿ ಕೊಡ್ತೀನಿ!"

ಗೌದೆನ್ಸಿಯೊ ಟೋಪಿ ಕೈಯಲ್ಲಿ ಹಿಡಿದು ಬೇಲಿಯ ಆಚೆ ಬಂದು ನಿಲ್ಲುತ್ತಿದ್ದ. ಅರ್ಧ ಗಂಟೆ ಒಂದೂ ಮಾತು ತಪ್ಪಿಸದೆ ಕೇಳುತ್ತಿದ್ದ. ಕೊನೆಗೆ, "ಆಯ್ತು ಎಲ್ಪಿದಿಯಾ, ನಾಳೆ ಕಟ್ತೀನಿ" ಅನ್ನುತ್ತಿದ್ದ. ಆ ನಾಳೆ ಬರುತ್ತಲೇ ಇರಲಿಲ್ಲ. ಇಂಥ ಗಂಡಸಿಗೆ ಏನನ್ನಬೇಕು ಹೇಳಿ.

ಫೆಬ್ರವರಿಯ ಮೊದಲ ದಿನ, ಕೆಳಗಿನ ಬೀದಿಯವರು ಹೊಸ ಲಾರಿಗೆ ಪಾದ್ರಿಯಿಂದ ತೀರ್ಥ ಹಾಕಿಸಿ, ಅದಕ್ಕೊಬ್ಬ ಧರ್ಮತಂದೆಯನ್ನು ಮಾಡಿದರು. ನಮ್ಮಲ್ಲಿ ಕೂಸಿಗೆ ಮಾತ್ರವಲ್ಲ, ಮನೆಗೆ, ಒಲೆಗೆ, ಮದುವೆಯ ಕೇಕಿಗೆ, ಎಲ್ಲಕ್ಕೂ ಧರ್ಮತಂದೆ ಬೇಕು. ಧರ್ಮತಂದೆಯಾದವನೂ ಕರೆದವರೂ ಆವತ್ತಿನಿಂದ ಒಬ್ಬರಿಗೊಬ್ಬರು ಗಂಡಾದರೆ ಕೊಂಪಾದ್ರೆ, ಹೆಣ್ಣಾದರೆ ಕೊಮಾದ್ರೆ. ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚು. ಏಕವಚನ ಅಲ್ಲಿಗೆ ಮುಗಿಯಿತು. ಜಗಳ ಮಾಡುವಂತಿಲ್ಲ, ದನಿ ಏರಿಸುವಂತಿಲ್ಲ. ಧರ್ಮದ ಮಗುವಿಗೆ ಒಂದು ಗೀರು ಬಿದ್ದರೂ ಧರ್ಮತಂದೆ ಊರಿಗೆ ಮುಖ ತೋರಿಸುವಂತಿಲ್ಲ. ಲಾರಿಯ ಮೂತಿಗೆ ಹೂವಿನ ಹಾರ ಬೀಳುತ್ತಿದ್ದಾಗ ಎಲ್ಪಿದಿಯಾಳ ತಲೆಯಲ್ಲಿ ದೀಪ ಹತ್ತಿತು.

"ಟರ್ಕಿ ಗೂಡಿಗೆ ಧರ್ಮತಂದೇನಾ?" ಅಬುಂದಿಯೊ ತಲೆ ಚಚ್ಚಿಕೊಂಡ. "ಅಮ್ಮಾ, ಜನ ಆಡ್ಕೊಂಡು ನಗ್ತಾರೆ."

"ಲಾರಿಗೆ ಮಾಡಿದಾಗ ನಕ್ರಾ? ಲಾರಿ ಮೊಟ್ಟೆ ಇಡುತ್ತಾ? ಸುಮ್ನಿರು ನೀನು. ಆ ಸೋಮಾರಿಯ ಕೈ ಕಾಲು ಎರಡೂ ಕಟ್ಟಿ ಹಾಕ್ತೀನಿ ನೋಡ್ತಿರು."

ಮರುದಿನ ಬೆಳಿಗ್ಗೆ ಎಲ್ಪಿದಿಯಾ ತಲೆ ಬಾಚಿ, ಹಬ್ಬದ ರವಿಕೆ ತೊಟ್ಟು, ಬುಟ್ಟಿಯಲ್ಲಿ ಮೊಟ್ಟೆ ಹಾಕಿದ ಬ್ರೆಡ್ಡು, ಚಾಕೊಲೇಟು, ಕುತ್ತಿಗೆಗೆ ಹೂ ಕಟ್ಟಿದ ಮೆಸ್ಕಾಲ್ ಸಾರಾಯಿಯ ಬಾಟಲಿ ಇಟ್ಟು, ಕಸೂತಿ ಬಟ್ಟೆ ಮುಚ್ಚಿ ಗೌದೆನ್ಸಿಯೊನ ಬಾಗಿಲು ತಟ್ಟಿದಳು. ಬಾಗಿಲು ತೆಗೆದವನು ಬುಟ್ಟಿ ನೋಡಿದ, ರವಿಕೆ ನೋಡಿದ, ಬಿಳಿಚಿದ, ಆಮೇಲೆ ಕೆಂಪಾದ. ಓಡಿಹೋಗಿ ಕುರ್ಚಿ ತಂದ. ಅದರ ಮೇಲಿದ್ದ ನೋಟರಿಯನ್ನು ಕೆಳಗಿಳಿಸಿ ತೋಳಿನಿಂದ ಒರೆಸಿದ.

"ಕೂತ್ಕೋ ಎಲ್ಪಿದಿಯಾ. ಹೇಳು. ಏನು ಹೇಳೋಕೆ ಬಂದೆ, ಹೇಳು."

"ನನ್ನ ಟರ್ಕಿ ಗೂಡಿಗೆ ನೀನು ಧರ್ಮತಂದೆ ಆಗ್ಬೇಕು."

ಗೌದೆನ್ಸಿಯೊ ಬುಟ್ಟಿಯನ್ನು ಇನ್ನೊಮ್ಮೆ ನೋಡಿದ.

"ಗೂಡಿಗಾ?"

"ಗೂಡಿಗೆ."

ಅವನು ಮೆಸ್ಕಾಲ್ ಬಗ್ಗಿಸಿಕೊಂಡು ಒಂದೇ ಗುಟುಕಿಗೆ ಕುಡಿದ. "ಬುಟ್ಟಿ ಹೊತ್ತು ಮನೆ ಬಾಗಿಲಿಗೆ ಬಂದೋರಿಗೆ ಇಲ್ಲ ಅನ್ನೋಕಾಗುತ್ತಾ" ಎಂದು ನೆಲ ನೋಡಿಕೊಂಡು ಹೇಳಿದ. ನಾಯಿ ಕಟ್ಟಬೇಕಾಯಿತಲ್ಲ ಎಂದು ಇವನ ಮುಖ ಬಾಡಿತು ಅಂದುಕೊಂಡಳು ಎಲ್ಪಿದಿಯಾ. ಗೆದ್ದೆ ಎಂದು ಬೀಗುತ್ತ ಮನೆಗೆ ಬಂದಳು.

ಆ ಭಾನುವಾರ ಪಾದ್ರಿ ಬಂದು ಗೂಡಿಗೆ ತೀರ್ಥ ಚಿಮುಕಿಸಿದರು. ಟರ್ಕಿಗಳು ಗುಳುಗುಳು ಎಂದು ಗಲಾಟೆ ಮಾಡಿದವು. ನೆರೆದವರ ಎದುರು ಇಬ್ಬರೂ ಅಪ್ಪಿಕೊಂಡು, "ಕೊಂಪಾದ್ರೆ", "ಕೊಮಾದ್ರೆ" ಅಂದರು. ಕೆಲಸ ಆಯಿತು.

ಆಯಿತು ಅಂದರೆ, ಎಲ್ಪಿದಿಯಾಳ ಕೆಲಸ ಕೆಟ್ಟಿತು. ಗೌದೆನ್ಸಿಯೊ ಎಂಥ ನಿಯತ್ತಿನ ಧರ್ಮತಂದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಮರುದಿನದಿಂದಲೇ ದಿನಕ್ಕೆರಡು ಬಾರಿ ಬಂದು, ಧರ್ಮದ ಮಕ್ಕಳಿಗೆಂದು ಬೊಗಸೆ ಜೋಳ ತಂದು, ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕಾವಲು ಕಾಯತೊಡಗಿದ. ಒಡೆಯ ಹೋದಲ್ಲಿಗೆ ನಾಯಿ ಹೋಗದೆ ಇರುತ್ತದೆಯೇ? ಮೊದಲು ಬೇಲಿ ನುಸುಳಿ ಬರುತ್ತಿದ್ದ ಜನರಲ್, ಬಿಷಪ್, ನೋಟರಿ ಈಗ ಮುಂಬಾಗಿಲಿನಿಂದಲೇ, ಬಾಲ ಆಡಿಸಿಕೊಂಡು, ನೆಂಟರ ಹಾಗೆ ಬರಹತ್ತಿದವು.

ನಾಲ್ಕನೆಯ ದಿನ ಗೌದೆನ್ಸಿಯೊ ನೀರು ಕುಡಿಯಲು ತಿರುಗಿದ. ತಿರುಗಿ ನೋಡುವಷ್ಟರಲ್ಲಿ ಒಂದು ಹೇಂಟೆ ಜನರಲ್‌ನ ಬಾಯಲ್ಲಿತ್ತು.

ಎಲ್ಪಿದಿಯಾಳ ಹೊಟ್ಟೆಯಿಂದ ಬೈಗುಳ ಹೊರಟಿತು, ಎದೆಗೆ ಬಂತು, ಗಂಟಲಿಗೆ ಬಂತು. ಬೀದಿಯ ಜನ ಬೇಲಿಯಾಚೆ ಕಿವಿ ನಿಮಿರಿಸಿ ನಿಂತಿದ್ದರು. ಕೊಂಪಾದ್ರೆಯನ್ನು ಬೈದವಳೆಂದು ನಾಳೆ ಇಡೀ ಊರೇ ಉಗಿಯುತ್ತದೆ.

"ಇರ್ಲಿ ಬಿಡಿ ಕೊಂಪಾದ್ರೆ," ಎಂದಳು. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. "ನೀವೇನು ಬೇಕೂಂತ ಮಾಡಿದ್ರಾ. ಕೂತ್ಕೊಳ್ಳಿ, ಕಾಫಿ ತರ್ತೀನಿ."

ಒಳಗೆ ಹೋಗಿ ಜೋಳ ನೆನೆಹಾಕುವ ದೊಡ್ಡ ಮಡಕೆಯೊಳಗೆ ತಲೆ ತೂರಿಸಿ ಕಿರುಚಿದಳು. ಮಡಕೆ ಬಿರುಕು ಬಿಟ್ಟಿತು ಎಂದು ಅಬುಂದಿಯೊ ಇವತ್ತಿಗೂ ಆಣೆ ಮಾಡಿ ಹೇಳುತ್ತಾನೆ.

ಅಲ್ಲಿಂದ ಮುಂದೆ ಅವಳ ಅವಸ್ಥೆ ಯಾರಿಗೂ ಬೇಡ. ಊಟ ಸೇರದು, ತೊರ್ತಿಯಾ ಸೀಯುತ್ತಿತ್ತು. ಸಂತೆಯಲ್ಲಿ ಯಾರೋ ಚೌಕಾಸಿ ಮಾಡಿದರೆ ಒಂದು ಮಾತಿಲ್ಲದೆ ಕೊಟ್ಟುಬಿಟ್ಟಳು. ಕೊಂಡವಳು ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು. ಮಾರ್ಚಿನಲ್ಲಿ ಇನ್ನೊಂದು ಟರ್ಕಿ ಹೋಯಿತು. ಆಗಲೂ "ಇರ್ಲಿ ಬಿಡಿ ಕೊಂಪಾದ್ರೆ." ಗೌದೆನ್ಸಿಯೊ ಕೂಡ ಸೊರಗಿದ್ದ. ಬಂದು ಕೂತು, ಅವಳ ಮುಖ ನೋಡಿ, ಇನ್ನೇನೋ ಬರಬೇಕೆಂಬಂತೆ ಕಾದು, ಟೋಪಿ ಹಾಕಿಕೊಂಡು ಎದ್ದು ಹೋಗುತ್ತಿದ್ದ. ಈಗ ಉಳಿದದ್ದು ಒಂದು ಹುಂಜ, ಒಂದು ಹೇಂಟೆ. ಬೇಕಾದದ್ದೂ ಅಷ್ಟೇ. ಎಲ್ಪಿದಿಯಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಅಂಗಳದಲ್ಲಿ ಬೀದಿಯ ಹೆಂಗಸರೆಲ್ಲ ಅಡುಗೆಗೆ ಸೇರಿದ್ದರು. ಎಲ್ಪಿದಿಯಾ ಹುಂಜವನ್ನು ತೊಳೆದು, ಕುತ್ತಿಗೆಗೆ ಕೆಂಪು ರಿಬ್ಬನ್ನು ಕಟ್ಟಿ ಬಿಸಿಲಿಗೆ ಬಿಟ್ಟಿದ್ದಳು. ಅಷ್ಟರಲ್ಲಿ ಗೌದೆನ್ಸಿಯೊ ಬಂದ. ಹಿಂದೆಯೇ ಪರಿವಾರವೂ ಬಂತು. ನೋಟರಿ, ಅಲ್ಲಿಯವರೆಗೆ ಸಾಧು ಅನಿಸಿಕೊಂಡಿದ್ದ ನೋಟರಿ, ಒಂದೇ ನೆಗೆತಕ್ಕೆ ಹುಂಜದ ಬಾಲ ಕಚ್ಚಿದ. ಹುಂಜ ಕಿರುಚಿ ಮುಂದಕ್ಕೆ ಎಳೆದುಕೊಂಡು ಮನೆಯ ಮಾಡು ಹತ್ತಿತು. ಬಾಲ ನೋಟರಿಯ ಬಾಯಲ್ಲೇ ಉಳಿಯಿತು.

ಮೂರು ತಿಂಗಳ ಕಟ್ಟೆ ಒಡೆಯಿತು.

"ಕೊಂಪಾದ್ರೆಯಂತೆ ಕೊಂಪಾದ್ರೆ! ನಿನ್ನ ಮುಖಕ್ಕಿಷ್ಟು ಮಣ್ಣು ಮೆತ್ತಾ! ಧರ್ಮತಂದೆ ಆಗೋ ಮುಸುಡಿಯೇನೋ ಇದು? ಮಗುವನ್ನ ಕಾಯೋ ಅಂದ್ರೆ ಮನೆಗೆ ಕೊಲೆಗಾರರ ಮೆರವಣಿಗೆ ತರ್ತೀಯಲ್ಲೋ! ಬುದ್ಧಿ ಇಲ್ಲ, ಹಗ್ಗ ಇಲ್ಲ, ನಾಚಿಕೆ ಅಂತೂ ಮೊದಲೇ ಇಲ್ಲ! ನಾಳೆ ಬೋಳು ಕುಂಡೆಯ ಹುಂಜ ಎತ್ಕೊಂಡು ಹೇಗೋ ಕುಣೀಲಿ ನಾನು? ಹೇಳೋ!"

ಇದು ಆರಂಭ ಮಾತ್ರ. ಉಳಿದದ್ದನ್ನು ಬರೆಯುವಂತಿಲ್ಲ. ಹೆಂಗಸರು ಸೌಟು ಕೈಯಲ್ಲೇ ಹಿಡಿದು ನಿಂತರು. ಬೀದಿಯ ಗಂಡಸರು ಬೇಲಿಗೆ ಬಂದರು. ಕೊಂಪಾದ್ರೆಗೆ ಹೀಗೆ ಬೈಯುವುದು ಪಾಪ ಎಂದು ಎಲ್ಲರಿಗೂ ಗೊತ್ತು, ಆದರೂ ಒಬ್ಬರೂ ತಡೆಯಲಿಲ್ಲ. ಅವರಿಗೂ ಇದಿಲ್ಲದೆ ಮೂರು ತಿಂಗಳು ಬೇಸರವಾಗಿತ್ತು.

ಗೌದೆನ್ಸಿಯೊ ಒಂದು ಇಟ್ಟಿಗೆಯ ಮೇಲೆ ಕೂತು ಕೇಳುತ್ತಿದ್ದ. ಕೇಳುತ್ತ ಕೇಳುತ್ತ ಅವನ ಮುಖ ಅರಳಿತು. ಕಣ್ಣಲ್ಲಿ ನೀರೂ ಬಂತು.

ಎಲ್ಪಿದಿಯಾ ಉಸಿರು ತೆಗೆದುಕೊಳ್ಳಲು ನಿಂತಳು. "ಏನು ನಗ್ತೀಯಾ? ಯಾಕೋ ಆ ನಾಯಿಗಳನ್ನ ಕಟ್ಟಲ್ಲ ನೀನು? ಒಂದೇ ಒಂದು ಕಾರಣ ಹೇಳು!"

"ಕಟ್ಟಿದ್ರೆ ನೀವು ಬೇಲಿಗೆ ಬರ್ತಿದ್ರಾ ಕೊಮಾದ್ರೆ?" ಅವನು ಮೆಲ್ಲಗೆ ಕೇಳಿದ. "ಹೆಂಡತಿ ಹೋದ ಮೇಲೆ ಆ ಮನೇಲಿ ನನ್ನನ್ನ ಆಚೆ ಸರಿ ಅನ್ನೋರೂ ಇಲ್ಲ. ನೀವು ಬಂದು ಅರ್ಧ ಗಂಟೆ ನನ್ನ ಹೆಸರು ಹಿಡಿದು ಕೂಗ್ತಿದ್ರಿ. ಅದು ಕೇಳಿದ್ರೆ ದಿನ ಕಳೀತಿತ್ತು."

"ಅಯ್ಯೋ ಪೆದ್ದೇ! ಬಾಯಿಬಿಟ್ಟು ಹೇಳೋಕೇನಾಗಿತ್ತು ನಿನಗೆ?"

"ಹೇಳ್ಬೇಕೂಂತಲೇ ಇದ್ದೆ. ಧೈರ್ಯ ಸಾಲ್ತಾ ಇರ್ಲಿಲ್ಲ. ಆವತ್ತು ಬೆಳಿಗ್ಗೆ ನೋಡಿದ್ರೆ ನೀವೇ ಹಬ್ಬದ ರವಿಕೆ ಹಾಕ್ಕೊಂಡು, ಬ್ರೆಡ್ಡು, ಚಾಕೊಲೇಟು, ಹೂ ಕಟ್ಟಿದ ಬಾಟ್ಲಿ ತಂದು ಬಾಗಿಲಲ್ಲಿ ನಿಂತಿದ್ರಿ." ಗೌದೆನ್ಸಿಯೊ ಟೋಪಿಯ ಅಂಚು ತಿರುವಿದ. "ಹೆಣ್ಣು ಕೇಳೋಕೆ ಹೋಗೋವಾಗ್ಲೂ ಅದೇ ಬುಟ್ಟಿ ತಾನೇ. ಗಂಡು ಕೇಳೋಕೇ ಬಂದ್ರು ಅಂದ್ಕೊಂಡೆ ನಾನು. ಆಮೇಲೆ ನೀವು ಗೂಡು ಅಂದ್ರಿ."

ಸೌಟು ಹಿಡಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾನು ಮಾಡಿದ್ದೇನೆಂದು ಎಲ್ಪಿದಿಯಾಳಿಗೆ ಈಗ ಹೊಳೆಯಿತು. ಕೊಂಪಾದ್ರೆ ಕೊಮಾದ್ರೆಯರು ಮದುವೆಯಾಗುವಂತಿಲ್ಲ. ಪಾದ್ರಿ ಒಪ್ಪಿದರೂ ಊರು ಒಪ್ಪುವುದಿಲ್ಲ, ಊರು ಒಪ್ಪಿದರೂ ಅವಳ ಮನಸ್ಸೇ ಒಪ್ಪುವುದಿಲ್ಲ. ಅಷ್ಟು ಗಟ್ಟಿಯಾಗಿ, ಪಾದ್ರಿಯನ್ನು ಕರೆಸಿ, ತೀರ್ಥ ಹಾಕಿಸಿ, ತನ್ನ ಕೈಯಾರೆ ಆ ಬಾಗಿಲು ಮುಚ್ಚಿದ್ದಳು. ಅದೂ ನಾಲ್ಕು ಟರ್ಕಿಗೋಸ್ಕರ! ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಕೊನೆಗೆ ಮೂಗು ಒರೆಸಿಕೊಂಡು, "ಹುಂಜ ಮಾಡಿನ ಮೇಲಿದೆ. ಇಳಿಸಿ ಕೊಡಿ ಕೊಂಪಾದ್ರೆ" ಅಂದಳು.

ಮಾರನೆಯ ದಿನ ಬ್ಯಾಂಡಿನ ಹಿಂದೆ ಹೇಂಟೆಯನ್ನು ಹಿಡಿದು ಎಲ್ಪಿದಿಯಾ ಕುಣಿದಳು, ಬಾಲವಿಲ್ಲದ ಹುಂಜವನ್ನು ಎದೆಗವಚಿಕೊಂಡು ಗೌದೆನ್ಸಿಯೊ ಕುಣಿದ. ಹೆಣ್ಣಿನ ಕಡೆಯ ಮುದುಕಿಯೊಬ್ಬಳು ಹುಂಜದ ಹಿಂಭಾಗ ನೋಡಿ, "ಇದೇನ್ರೀ, ಅರ್ಧ ಹಕ್ಕೀನ ಮನೇಲೇ ತಿಂದು ಬಂದ್ರಾ?" ಎಂದು ಛೇಡಿಸಿದಳು. "ಮನೇಲೇ ಸಾಕಿದ್ದು ತಾಯಿ, ಸಂತೇದಾಗಿದ್ರೆ ಬಾಲ ಇರ್ತಿತ್ತು" ಅಂದ ಗೌದೆನ್ಸಿಯೊ. ಮುದುಕಿ ಹುಂಜದ ಕಾಲು ನೋಡಿ ತಲೆದೂಗಿದಳು. ಅಲ್ಲಿಗೆ ಅಬುಂದಿಯೊನ ಮದುವೆ ಮರ್ಯಾದೆಯಾಗಿ ಮುಗಿಯಿತು.

ಮದುವೆಯ ಗದ್ದಲ ಇಳಿದ ಮೇಲೆ ಗೌದೆನ್ಸಿಯೊ ನಾಯಿಗಳನ್ನು ಕಟ್ಟಿದ. ನಿಜವಾಗಿಯೂ ಕಟ್ಟಿದ, ಗಟ್ಟಿ ಹಗ್ಗದಲ್ಲಿ. ಎಲ್ಪಿದಿಯಾಳ ಹಿತ್ತಿಲಲ್ಲಿ ಹೊಸ ಮರಿಗಳು ನೆಮ್ಮದಿಯಾಗಿ ಓಡಾಡಿದವು. ಬೈಯುವುದಕ್ಕೆ ಕಾರಣ ಉಳಿಯಲಿಲ್ಲ, ಇದ್ದರೂ ಬೈಯುವಂತಿರಲಿಲ್ಲ. ಒಂದು ವಾರ ಅವಳು ಬೇಲಿಯ ಕಡೆ ಮುಖ ಹಾಕಲಿಲ್ಲ. ಎಂಟನೆಯ ದಿನ ತಡೆಯಲಾಗದೆ ಹೊರಟಳು. ಕೊಂಪಾದ್ರೆಯನ್ನು ಬೈಯಬಾರದು ನಿಜ. ನಾಯಿಯನ್ನು ಬೈಯಬಾರದೆಂದು ಯಾರೂ ಹೇಳಿಲ್ಲವಲ್ಲ.

"ಏ ಜನರಲ್!" ಬೇಲಿಯ ಮೇಲಿಂದ ಕೂಗಿದಳು. ಬೀದಿಯ ಕೊನೆಯವರೆಗೂ ಕೇಳಿಸಿತು. "ಬಿಸಿಲು ನೆತ್ತಿಗೆ ಬಂತು, ಇನ್ನೂ ಬಿದ್ಕೊಂಡಿದ್ದೀಯಾ? ಮುಖ ತೊಳೆದು ಎಷ್ಟು ದಿನ ಆಯ್ತೋ? ಗಡ್ಡ ನೋಡು, ಪೊದೆ ಬೆಳೆದ ಹಾಗೆ ಬೆಳೆದಿದೆ! ನಿನ್ನೆ ರಾತ್ರಿ ಒಲೆ ಹಚ್ಚದೆ ಬರೀ ಬ್ರೆಡ್ಡು ತಿಂದು ಮಲಗಿದ್ದೀಯಲ್ಲ, ಹೊಟ್ಟೆ ಹಾಳಾಗಲ್ವಾ ಮೂರ್ಖಾ? ಅಂಗಿಯ ಗುಂಡಿಯನ್ನಾದರೂ ನೆಟ್ಟಗೆ ಹಾಕ್ಕೋ!"

ಜನರಲ್ ಒಂದು ಕಿವಿ ಎತ್ತಿ ನೋಡಿ ಮತ್ತೆ ಮಲಗಿದ. ಬೇಲಿಯಾಚೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಗೌದೆನ್ಸಿಯೊ ತಲೆ ಬಗ್ಗಿಸಿ, ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಸರಿಯಾಗಿ ಹಾಕಿಕೊಂಡ.